ಉತಾರದಲ್ಲಿ ಇಲ್ಲದ ಖೋಲಿ

ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನ ಹಿರೇಬೆಂಡಿಗೇರಿ ಕಡೆ ಮಗನ ಲಗ್ನ ಗೊತ್ತಾಯಿತೆಂದರೆ ಮನೆಯಲ್ಲಿ ಬಂಗಾರದ ಮಾತಿಗಿಂತ ಮೊದಲು ಖೋಲಿಯ ಮಾತು ಏಳುತ್ತದೆ. ಹಿತ್ತಲ ಕಡೆ ಒಂದು ಖೋಲಿ ತೆಗೆಯಬೇಕು, ಅದಕ್ಕೆ ಹತ್ತಿದಂತೆ ಒಂದು ಬಚ್ಚಲು, ಕೈಯಲ್ಲಾದರೆ ಮೇಲೊಂದು ಸ್ಲ್ಯಾಬು. ಗೋವಿನಜೋಳವನ್ನೋ ಹತ್ತಿಯನ್ನೋ ಮಾರಿದ ದುಡ್ಡು ಬಂದಿರುತ್ತದೆ, ಗೌಂಡಿ ಹೆಜ್ಜೆಯಲ್ಲೇ ಅಳತೆ ಹಾಕಿ ಒಂದು ಅಂದಾಜು ಹೇಳಿರುತ್ತಾನೆ, ಟ್ರ್ಯಾಕ್ಟರಿನಲ್ಲಿ ಬಂದ ಉಸುಕು ಓಣಿಯಲ್ಲಿ ಬಿದ್ದಿರುತ್ತದೆ. ಪಂಚಾಯಿತಿಯ ನೆನಪಾಗುವುದು ಇಷ್ಟೆಲ್ಲ ಆದ ಮೇಲೆ. ಎಷ್ಟೋ ಸಲ ಅದೂ ಇಲ್ಲ. ‘ನಮ್ಮ ಜಾಗ, ನಮ್ಮ ರೊಕ್ಕ, ಯಾರನ್ನ ಏನ್ ಕೇಳೋದು’ ಎಂಬ ಮಾತಿಗೆ ಓಣಿಯಲ್ಲಿ ಎದುರು ಮಾತಾಡುವವರು ಸಿಗುವುದಿಲ್ಲ. ನನ್ನ ವಾದ ಇದಕ್ಕೆ ವಿರುದ್ಧ. ಮನೆ ಬೆಳೆಸುವ ಖರ್ಚಿನಲ್ಲಿ ಎಲ್ಲಕ್ಕಿಂತ ಅಗ್ಗದ ಬಾಬು ಪರವಾನಗಿ. ಅದನ್ನು ಬಿಟ್ಟವರು ಉಳಿಸಿದ್ದಕ್ಕಿಂತ ಹೆಚ್ಚು ಕಳೆದುಕೊಳ್ಳುತ್ತಾರೆ. ಪರವಾನಗಿ ಸಿಗುವುದು ಕಷ್ಟವೆಂಬ ದೂರಿನ ಬೇರು ಬಹಳಷ್ಟು ಸಲ ಪಂಚಾಯಿತಿಯ ಕಟ್ಟೆಯಲ್ಲಿಲ್ಲ, ಟ್ರಂಕಿನಲ್ಲಿ ಮಡಚಿಟ್ಟ ಹಳೆಯ ಉತಾರದಲ್ಲಿದೆ.

ಮೊದಲು ಈ ಮನೆಗಳು ಯಾಕೆ ಬೆಳೆಯಬೇಕಾಗುತ್ತವೆ ಎಂಬುದನ್ನು ನೋಡಬೇಕು. ಹಳೆಯ ಓಣಿಯ ಮನೆಗಳಲ್ಲಿ ಅಗಲವಾದ ಪಡಸಾಲೆ, ದನ ಕಟ್ಟುವ ಜಾಗ, ಒಳಗೆ ಅಡುಗೆಮನೆ ಇದ್ದವು. ಅಣ್ಣ ತಮ್ಮಂದಿರ ವಾಟ್ನಿ ಆದಾಗ ಅದೇ ಪಡಸಾಲೆಯ ನಡುವೆ ಗೋಡೆ ಎದ್ದು ಒಂದು ಮನೆ ಮೂರಾಯಿತು. ಇನ್ನೊಂದು ಕಡೆ ಜನತಾ ಪ್ಲಾಟುಗಳು, 1991-92ರಲ್ಲಿ ಶುರುವಾದ ಆಶ್ರಯ ಯೋಜನೆಯ ಮನೆಗಳು, ಆಮೇಲೆ ಬಂದ ಬಸವ ವಸತಿಯ ಮನೆಗಳು. ಇವತ್ತಿಗೂ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಮನೆಯ ಕನಿಷ್ಠ ಅಳತೆ, ಅಡುಗೆಯ ಜಾಗವೂ ಸೇರಿ, 25 ಚದರ ಮೀಟರ್. ಅಂದರೆ 270 ಚದರ ಅಡಿಗೂ ಒಂದು ಕೂದಲು ಕಡಿಮೆ. ಬಯಲು ಸೀಮೆಗೆ ಕೇಂದ್ರ ನಿಗದಿ ಮಾಡಿದ ನೆರವು 1.20 ಲಕ್ಷ ರೂಪಾಯಿ. ಇಂಥ ಮನೆಯಲ್ಲಿ ಎರಡನೆಯ ಸಂಸಾರ ಹೂಡುವುದು ಸಾಧ್ಯವಿಲ್ಲ. ಹೊಸ ಮನೆಗೆ ಯೋಜನೆಯ ಹಣ ಉಂಟು, ಇದ್ದ ಮನೆಗೆ ಖೋಲಿ ಸೇರಿಸಲು ಅದು ಸಿಗದು. ಹಾಗಾಗಿ ವಿಸ್ತರಣೆಯ ಖರ್ಚೆಲ್ಲ ಕುಟುಂಬದ ಮೇಲೆಯೇ ಬೀಳುತ್ತದೆ: ಬೆಳೆಯ ದುಡ್ಡು, ಬಂಗಾರದ ಮೇಲಿನ ಸಾಲ, ಮಹಿಳಾ ಸಂಘದ ಸಾಲ. ಇಷ್ಟು ಕಷ್ಟದ ಹಣವನ್ನು ಕಾಗದವಿಲ್ಲದ ಗೋಡೆಗೆ ಸುರಿಯುತ್ತೇವೆ ಎಂಬುದೇ ನನಗೆ ಸೋಜಿಗ.

ಕಾನೂನು ಏನು ಹೇಳುತ್ತದೆ ಎಂಬುದರಲ್ಲಿ ಗೊಂದಲವಿಲ್ಲ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 64ನೇ ಪ್ರಕರಣದಂತೆ ಗ್ರಾಮ ಪಂಚಾಯಿತಿಯ ಅನುಮತಿ ಇಲ್ಲದೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಇದ್ದ ಕಟ್ಟಡವನ್ನು ಬದಲಾಯಿಸುವಂತಿಲ್ಲ, ಅದಕ್ಕೆ ಸೇರಿಸುವಂತೆಯೂ ಇಲ್ಲ. ಪರವಾನಗಿ ಹೊಸ ಮನೆಗೆ ಮಾತ್ರ ಎಂದು ತಿಳಿದವರು ಈ ‘ಸೇರಿಸುವ’ ಮಾತನ್ನು ಗಮನಿಸಬೇಕು. ಹಂಚು ಕೈಯಾಡಿಸುವುದು, ಸುಣ್ಣ ಬಳಿಯುವುದು ಇದರಲ್ಲಿ ಬಾರವು. ಖೋಲಿ, ಬಚ್ಚಲು, ಮೇಲ್ಮಹಡಿ ಬರುತ್ತವೆ. ಅದೇ ಪ್ರಕರಣದಲ್ಲಿ ಜನರ ಪರವಾದ ಒಂದು ಅಂಶವೂ ಇದೆ, ಅದು ಊರಲ್ಲಿ ಅಷ್ಟಾಗಿ ಗೊತ್ತಿಲ್ಲ. ಅರ್ಜಿ ಕೊಟ್ಟ 60 ದಿನದೊಳಗೆ ಪಂಚಾಯಿತಿ ಆಗುತ್ತದೆ ಎಂದಾಗಲಿ ಇಲ್ಲವೆಂದಾಗಲಿ ತಿಳಿಸದಿದ್ದರೆ ಅನುಮತಿ ಕೊಟ್ಟಂತೆಯೇ ಲೆಕ್ಕ. ನಿಯಮ ಮೀರದೆ ಕೆಲಸ ಶುರು ಮಾಡಬಹುದು. ಅರ್ಜಿಯ ಜೊತೆ ಬೇಕಾಗುವುದು ಉತಾರ, ಕರ ತುಂಬಿದ ರಸೀದಿ, ಇದ್ದ ಮನೆಯನ್ನೂ ಹೊಸ ಭಾಗವನ್ನೂ ಅಳತೆ ಸಮೇತ ತೋರಿಸುವ ನಕ್ಷೆ, ನಾಲ್ಕೂ ದಿಕ್ಕಿನ ಚಕ್ಕುಬಂದಿ. ಪಂಚಾಯಿತಿಯ ಬಾಪೂಜಿ ಸೇವಾ ಕೇಂದ್ರದಲ್ಲೇ ಅರ್ಜಿ ಹಾಕಬಹುದು. ಗೊತ್ತುಪಡಿಸಿದ ಶುಲ್ಕ ಕಟ್ಟಿ ರಸೀದಿ ಕೇಳಿ ಪಡೆಯಬೇಕು.

ತೊಡಕು ಈ ಪಟ್ಟಿಯ ಮೊದಲ ಕಾಗದದಲ್ಲೇ ಶುರುವಾಗುತ್ತದೆ. ಹಳೇ ಮುಂಬಯಿ ಪ್ರಾಂತದ ಈ ಸೀಮೆಯಲ್ಲಿ ಆಸ್ತಿಯ ದಾಖಲೆಗೆ ಉತಾರವೆಂದೇ ಹೆಸರು, ಊರ ವಸತಿ ಜಾಗಕ್ಕೆ ಗಾಂವಠಾಣ. ಗಾಂವಠಾಣದ ಎಷ್ಟೋ ಮನೆಗಳ ಉತಾರದಲ್ಲಿ ಇವತ್ತಿಗೂ ತೀರಿಹೋದ ಅಜ್ಜನ ಹೆಸರೇ ಇದೆ. ವಾಟ್ನಿ ಬಾಯಿಮಾತಿನಲ್ಲಿ ಆಗಿದೆ, ವಾರಸಾ ಆಗಿಲ್ಲ. ಅಳತೆಯೂ ಅಂದಾಜಿನದು. ಉತಾರದಲ್ಲಿ 30 ಅಡಿ ಎಂದಿದ್ದರೆ ನೆಲದ ಮೇಲೆ 34 ಅಡಿ. ಆ ನಾಲ್ಕು ಅಡಿ ಹಿತ್ತಲ ಓಣಿಯದೋ ಪಕ್ಕದವರದೋ ಎಂಬುದು ಖೋಲಿಯ ಪಾಯ ತೋಡುವ ದಿನ ಗೊತ್ತಾಗುತ್ತದೆ. 2013ರಲ್ಲಿ ಬಂದ ಇ-ಸ್ವತ್ತು ವ್ಯವಸ್ಥೆ ಇದನ್ನು ತಿದ್ದಲಿಕ್ಕೆಂದೇ ಇದೆ. ಗಾಂವಠಾಣದೊಳಗಿನ ಆಸ್ತಿಗೆ, ಎನ್.ಎ. (ಕೃಷಿಯೇತರ) ಆಗಿ ನಕ್ಷೆಗೆ ಒಪ್ಪಿಗೆ ಪಡೆದ ನಿವೇಶನಕ್ಕೆ, ಸರಕಾರಿ ವಸತಿ ಯೋಜನೆಯ ಜಾಗಕ್ಕೆ ನಮೂನೆ 9 ಮತ್ತು 11ಎ ಸಿಗುತ್ತವೆ. ಉಳಿದವಕ್ಕೆ 11ಬಿ. ಹೊಲದ ಅಂಚಿನಲ್ಲಿ ಎನ್.ಎ. ಮಾಡಿಸದೆ ಕಟ್ಟಿದ ಮನೆಗಳು ಈ ಎರಡನೇ ಗುಂಪಿನವು. ಕೃಷಿ ಜಮೀನನ್ನು ಬೇರೆ ಬಳಕೆಗೆ ತರಲು ಭೂ ಕಂದಾಯ ಅಧಿನಿಯಮ, 1964ರ 95ನೇ ಪ್ರಕರಣದ ಅನುಮತಿ ಬೇಕೇ ಬೇಕು. 11ಬಿ ಇದ್ದವರು ಕರ ತುಂಬುತ್ತಾರೆ, ತುಂಬಲೂಬೇಕು, ಆದರೆ ಕರದ ರಸೀದಿಯಿಂದ ಮಾಲೀಕತ್ವ ಹುಟ್ಟುವುದಿಲ್ಲ. ‘ಇಪ್ಪತ್ತು ವರ್ಷದಿಂದ ಪಟ್ಟಿ ತುಂಬೇನಿ’ ಎಂಬುದು ಪಂಚಾಯಿತಿ ಕಟ್ಟೆಯ ಮೇಲೆ ಗಟ್ಟಿ ಮಾತು, ಕೋರ್ಟಿನಲ್ಲಿ ಅಷ್ಟು ಗಟ್ಟಿಯಲ್ಲ.

ಗಾಂವಠಾಣದ ಅಳತೆಯ ಗೊಂದಲ ಬಗೆಹರಿಸಲು ಈಗ ಹಿಂದೆಂದೂ ಇಲ್ಲದ ಅನುಕೂಲವೊಂದಿದೆ. 2020ರ ಏಪ್ರಿಲ್ 24ರಂದು, ಪಂಚಾಯತ್ ರಾಜ್ ದಿನದಂದು, ಕೇಂದ್ರ ಸರಕಾರ ಸ್ವಾಮಿತ್ವ ಯೋಜನೆಯನ್ನು ಆರಂಭಿಸಿತು. ಡ್ರೋನಿನಿಂದ ಊರ ವಸತಿ ಜಾಗದ ಚಿತ್ರ ತೆಗೆದು, ಮನೆ ಮನೆಯ ಗಡಿ ಗುರುತಿಸಿ, ಮಾಲೀಕರಿಗೆ ಆಸ್ತಿ ಕಾರ್ಡು ಕೊಡುವ ಯೋಜನೆ ಅದು. ಪ್ರಾಯೋಗಿಕ ಹಂತದಲ್ಲೇ ಸೇರಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಡ್ರೋನು ಬರುವ ಮೊದಲು ಗಡಿಗೆ ಸುಣ್ಣದ ಗೆರೆ ಎಳೆಯುತ್ತಾರೆ. ಆ ಹೊತ್ತಿಗೆ ಮನೆಯವರು ಅಲ್ಲಿರಬೇಕು, ಪಕ್ಕದವರೂ ಇರಬೇಕು. ಮೂರು ತಲೆಮಾರಿನ ವ್ಯಾಜ್ಯ ತಪ್ಪಿಸುವ ಶಕ್ತಿ ಆ ಅರ್ಧ ಗಂಟೆಗಿದೆ. ತಾಂಡಾಗಳ ಸಂಗತಿ ಬೇರೆ. ಅಲ್ಲಿ ಹಕ್ಕುಪತ್ರವೇ ಮೊದಲ ಮೆಟ್ಟಿಲು. 2025ರ ಮೇ 20ರಂದು ಹೊಸಪೇಟೆಯಲ್ಲಿ ರಾಜ್ಯ ಸರಕಾರ ಒಂದೇ ವೇದಿಕೆಯಲ್ಲಿ ತಾಂಡಾ, ಹಟ್ಟಿಗಳ ನಿವಾಸಿಗಳಿಗೆ 1,11,111 ಹಕ್ಕುಪತ್ರಗಳ ವಿತರಣೆಗೆ ಚಾಲನೆ ಕೊಟ್ಟದ್ದು ಇದೇ ಕಾರಣಕ್ಕೆ.

ಹೆಸರಿನ ಗಂಟು ಅಳತೆಯ ಗಂಟಿಗಿಂತ ಬಿಗಿ. ಪಿತ್ರಾರ್ಜಿತ ಮನೆಯ ಹಿತ್ತಲಲ್ಲಿ ಒಬ್ಬ ಮಗ ಸ್ವಂತ ಖರ್ಚಿನಿಂದ ಖೋಲಿ ಕಟ್ಟುವಾಗ, ಲಗ್ನವಾಗಿ ಬೇರೆ ಊರಿಗೆ ಹೋದ ಅಕ್ಕ ತಂಗಿಯರ ಸಹಿ ಯಾಕೆ ಬೇಕೆಂದು ಕೇಳುವುದು ವಾಡಿಕೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿ ಮಗಳನ್ನೂ ಹುಟ್ಟಿನಿಂದಲೇ ಪಾಲುದಾರಳನ್ನಾಗಿ ಮಾಡಿದೆ. ತಂದೆ ಆ ವರ್ಷ ಬದುಕಿರಬೇಕಿತ್ತೇ ಎಂಬ ತಕರಾರನ್ನೂ 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ ತೀರಿಸಿಬಿಟ್ಟಿತು. ಸಾಮಾಯಿಕ ಜಾಗದಲ್ಲಿ ಕಟ್ಟಿದ ಖೋಲಿ ಮುಂದೆ ವಾಟ್ನಿಯಾದಾಗ ಕಟ್ಟಿದವನ ಪಾಲಿಗೇ ಬರುವಂತೆ ಕೋರ್ಟು ಹಂಚಿಕೊಡಲೂಬಹುದು, ಆದರೆ ಅದನ್ನು ಹಕ್ಕೆಂದು ಕೇಳುವಂತಿಲ್ಲ. ಪಾಯ ತೋಡುವ ಮೊದಲು ಎಲ್ಲರೂ ಕೂಡಿ ಒಂದು ನೋಂದಾಯಿತ ವಾಟ್ನಿ ಪತ್ರ ಮಾಡಿಕೊಂಡರೆ ಆಗುವ ಖರ್ಚನ್ನು ಮುಂದಿನ ದಾವೆಯ ವಕೀಲರ ಫೀಸಿನ ಪಕ್ಕದಲ್ಲಿಟ್ಟು ನೋಡಿ. ಕೆಲವರಿಗೆ ಇದು ಕುಟುಂಬದಲ್ಲಿ ಒಡಕು ತರುವ ಕೆಲಸವೆನಿಸುತ್ತದೆ. ಗೋಡೆ ಎದ್ದ ಮೇಲೆ ಹುಟ್ಟುವ ಒಡಕು ಇದಕ್ಕಿಂತ ದೊಡ್ಡದು, ಆಗ ಹಿಂದೆ ಸರಿಯಲು ಯಾರಿಗೂ ಮನಸ್ಸಿರುವುದಿಲ್ಲ.

ಈಗ ಖರ್ಚಿನ ಕಡೆ. ‘ಚದರಡಿಗೆ ಇಷ್ಟು’ ಎಂಬ ಗುತ್ತಿಗೆ ಲೆಕ್ಕ ಹೊಸ ಮನೆಗೆ ತಕ್ಕಮಟ್ಟಿಗೆ ಸರಿ, ವಿಸ್ತರಣೆಗೆ ಮೋಸದ ಲೆಕ್ಕ. ಹಳೇ ಗೋಡೆ ಒಡೆಯುವುದು, ಮಣ್ಣು ಸಾಗಿಸುವುದು, ಹಳೆಯದಕ್ಕೂ ಹೊಸದಕ್ಕೂ ನಡುವಿನ ಸಂದಿ ಮುಚ್ಚುವುದು, ಹಂಚಿನ ಮಾಡಿನ ನೀರು ಹೊಸ ಸ್ಲ್ಯಾಬಿಗೆ ಇಳಿಯದಂತೆ ಮಾಡುವುದು ಇವೆಲ್ಲ ಆ ದರದಲ್ಲಿ ಬಂದಿರುವುದಿಲ್ಲ. ಕೆಲಸ ಅರ್ಧಕ್ಕೆ ಬಂದಾಗ ‘ಅದು ಬೇರೆ ಆಗ್ತದ್ರಿ’ ಎಂಬ ಮಾತು ಕೇಳುತ್ತದೆ. ಅದಕ್ಕೆ ದರ ಬಿಟ್ಟು ಪ್ರಮಾಣ ಹಿಡಿದು ಲೆಕ್ಕ ಹಾಕುವುದು ಮೇಲು. ಒಳ ಅಳತೆ 12ಕ್ಕೆ 15 ಅಡಿಯ ಖೋಲಿ ಎಂದುಕೊಳ್ಳೋಣ. ಒಂಬತ್ತಿಂಚಿನ ಗೋಡೆ ಸೇರಿ ಸ್ಲ್ಯಾಬು ಹತ್ತಿರ ಹತ್ತಿರ 225 ಚದರ ಅಡಿ. ಐದಿಂಚು ದಪ್ಪ ಹಾಕಿದರೆ ಕಾಂಕ್ರೀಟು 94 ಘನ ಅಡಿಯಷ್ಟು. ಅದಕ್ಕೆ ಸಿಮೆಂಟು 21 ಚೀಲದ ಆಸುಪಾಸು, ಜಲ್ಲಿ ಮುಕ್ಕಾಲು ಬ್ರಾಸಿಗೆ ತುಸು ಹೆಚ್ಚು, ಉಸುಕು ಅರ್ಧ ಬ್ರಾಸಿಗೆ ತುಸು ಕಡಿಮೆ, ಕಬ್ಬಿಣ ಸುಮಾರು 2 ಕ್ವಿಂಟಲ್. ಶಿಗ್ಗಾಂವಿಯ ಅಂಗಡಿಯಲ್ಲಿ ಆ ದಿನದ ದರ ಕೇಳಿ ಗುಣಿಸಿಕೊಂಡರೆ ಸ್ಲ್ಯಾಬಿನ ಸಾಮಾನಿನ ಖರ್ಚು ಕೈಗೆ ಬಂತು. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ 28ರಿಂದ ಶೇ 18ಕ್ಕೆ ಇಳಿದಿದೆ, ಹಳೇ ಅಂದಾಜು ಪಟ್ಟಿ ಹಿಡಿದು ಕೂತವರು ಅದನ್ನೂ ತಿದ್ದಿಕೊಳ್ಳಬೇಕು. ಕಬ್ಬಿಣದ ತೂಕವನ್ನು ಮನೆಯವರೇ ತಾಳೆ ನೋಡಬಹುದು: ಸರಳಿನ ದಪ್ಪವನ್ನು ಮಿಲಿಮೀಟರಿನಲ್ಲಿ ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಬರುತ್ತದೆ. 12 ಎಂಎಂ, 12 ಮೀಟರ್ ಉದ್ದದ ಒಂದು ಸರಳು 10 ಕಿಲೋ 650 ಗ್ರಾಮಿನ ಹತ್ತಿರ ತೂಗಬೇಕು. ಅದಕ್ಕಿಂತ ಬಹಳ ಹಗುರವಿದ್ದರೆ ಸರಳು ಹೇಳಿದಷ್ಟು ದಪ್ಪವಿಲ್ಲ.

ಈ ಲೆಕ್ಕದಲ್ಲಿ ಒಂದು ಕಡೆ ನಿಂತು ನೋಡಬೇಕು. ಖೋಲಿಯ ಮೂರು ಗೋಡೆ ಹೊಸದಾಗಿ ಎತ್ತಿ, ನಾಲ್ಕನೆಯದಕ್ಕೆ ಹಳೇ ಮನೆಯ ಮಣ್ಣಿನ ಗೋಡೆಯನ್ನೇ ಬಳಸಿಕೊಳ್ಳುವುದು ಇಲ್ಲಿ ಸಾಮಾನ್ಯ ಪದ್ಧತಿ. ಅದರಿಂದ 15 ಅಡಿ ಉದ್ದ, 10 ಅಡಿ ಎತ್ತರದ ಗೋಡೆ ಉಳಿಯಿತು, ಅಂದರೆ ಸಾವಿರದ ಆರು ನೂರರಷ್ಟು ಇಟ್ಟಿಗೆ. ಗೌಂಡಿಗೂ ಖುಷಿ, ಮನೆಯವರಿಗೂ ಖುಷಿ. ಆದರೆ ಐದಿಂಚಿನ ಸ್ಲ್ಯಾಬು ಚದರಡಿಗೆ 30 ಕಿಲೋದಷ್ಟು ಭಾರ. 225 ಚದರಡಿಗೆ ಆರೂವರೆ ಟನ್ನಿಗೆ ಮೇಲೆ, ಅದರಲ್ಲಿ ಆ ಉದ್ದದ ಗೋಡೆಯ ಪಾಲಿಗೆ ಸುಮಾರು 2 ಟನ್. ಹಂಚಿನ ಮಾಡು ಹೊರಲೆಂದು ಅಜ್ಜ ಕಟ್ಟಿಸಿದ ಮಣ್ಣಿನ ಗೋಡೆ ಅದು. 2019ರ ಆಗಸ್ಟಿನ ಮಳೆ, ನೆರೆಯಲ್ಲಿ ಹಾವೇರಿ ಜಿಲ್ಲೆಯೂ ಸೇರಿ ಈ ಭಾಗದಲ್ಲಿ ಹೆಚ್ಚಾಗಿ ನೆಲಕಚ್ಚಿದ್ದು ಇಂಥ ನೆನೆದ ಮಣ್ಣಿನ ಗೋಡೆಗಳೇ. ಪೂರ್ತಿ ಬಿದ್ದ ಮನೆಗೆ ಆಗ ರಾಜ್ಯ ಸರಕಾರ 5 ಲಕ್ಷ ರೂಪಾಯಿ ಪರಿಹಾರ ನಿಗದಿ ಮಾಡಿತು. ಪರಿಹಾರದ ಸಾಲಿನಲ್ಲಿ ನಿಂತಾಗ ಮೊದಲು ಕೇಳುವುದು ಮನೆ ಯಾರ ಹೆಸರಿನಲ್ಲಿದೆ ಎಂದೇ. ಎರೆ ಮಣ್ಣಿನ ಜಾಗವಾದರೆ ಇನ್ನೊಂದು ಸಂಕಟ: ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಆ ಮಣ್ಣಿನಲ್ಲಿ ಹಳೇ ಪಾಯವೂ ಹೊಸ ಪಾಯವೂ ಬೇರೆ ಬೇರೆಯಾಗಿ ಕುಸಿದು, ಸೇರುವೆಯಲ್ಲಿ ಮೇಲಿಂದ ಕೆಳಗಿನವರೆಗೆ ಬಿರುಕು ಬೀಳುತ್ತದೆ. ಹಳೇ ಗೋಡೆಯನ್ನು ಮುಟ್ಟದೆ ನಾಲ್ಕೂ ಕಡೆ ಹೊಸ ಗೋಡೆ ಎತ್ತಿ ನಡುವೆ ಸಂದಿ ಬಿಡುವುದು ಸರಿಯಾದ ದಾರಿ. ಪರವಾನಗಿಗೆಂದು ಇಂಜಿನಿಯರರ ಕೈಯಲ್ಲಿ ನಕ್ಷೆ ಮಾಡಿಸಿದರೆ ಈ ಮಾತು ಪಾಯಕ್ಕೆ ಮೊದಲೇ ಬರುತ್ತದೆ. ನಕ್ಷೆಯ ಫೀಸಿಗೆ ಸಿಗುವ ನಿಜವಾದ ಮಾಲು ಅದೇ.

ಕಾಗದದ ಬೆಲೆ ಗೊತ್ತಾಗುವ ಇನ್ನೊಂದು ಜಾಗ ಬ್ಯಾಂಕು. ಮನೆ ಸಾಲಕ್ಕೆ ಮಂಜೂರಾದ ನಕ್ಷೆ ಕೇಳಬೇಕೆಂದು ರಿಸರ್ವ್ ಬ್ಯಾಂಕು 2006ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. 2025ರ ಮೇ 1ರಿಂದ ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು ಬಳ್ಳಾರಿಯ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಒಂದಾದ ಮೇಲೂ ಈ ನಿಯಮ ಬದಲಾಗಿಲ್ಲ. ಪರವಾನಗಿ ಇದ್ದವರಿಗೆ ಹತ್ತು ಹದಿನೈದು ವರ್ಷದ ಕಂತಿನ ಮನೆ ಸಾಲದ ಬಾಗಿಲು ತೆರೆಯುತ್ತದೆ. ಇಲ್ಲದವರು ಒಂದು ವರ್ಷದ ಬಂಗಾರದ ಸಾಲಕ್ಕೆ, ಅದೂ ತೀರಿದರೆ ಕೈಗಡಕ್ಕೆ ಹೋಗುತ್ತಾರೆ. ಒಂದೇ ಖೋಲಿ, ಒಂದೇ ಇಟ್ಟಿಗೆ, ಬಡ್ಡಿ ಮಾತ್ರ ಬೇರೆ. ವಿದ್ಯುತ್ತಿನ ಕಡೆಯೂ ಗಾಳಿ ಹೀಗೇ ತಿರುಗಿದೆ. ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರ ನೋಡದೆ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ಉತ್ತರ ಪ್ರದೇಶದ ಒಂದು ಪ್ರಕರಣದಲ್ಲಿ ಹೇಳಿತು. ಅದರ ಬಿಸಿಗೆ ರಾಜ್ಯದಲ್ಲಿ ಹೊಸ ಸಂಪರ್ಕದ ಎಷ್ಟೋ ಅರ್ಜಿಗಳು ನಿಂತು, ನಗರಗಳ ಸಣ್ಣ ಮನೆಗಳಿಗೆ ಸರಕಾರ ವಿನಾಯಿತಿ ಹುಡುಕಬೇಕಾಯಿತು. ಹಳ್ಳಿಗೆ ಆ ಬಿಸಿ ಅಷ್ಟು ತಾಗಿಲ್ಲ, ಆದರೆ ಹೊಸ ಖೋಲಿಗೆ ಬೇರೆ ಮೀಟರು ಕೇಳಲು ಹೆಸ್ಕಾಂಗೆ ಹೋಗುವವರು ಕೈಯಲ್ಲಿ ಕಾಗದ ಇಟ್ಟುಕೊಂಡಿರುವುದು ಒಳ್ಳೆಯದು. ಇನ್ನು ಕಾರ್ಮಿಕರ ಕಲ್ಯಾಣದ ಶೇ 1ರ ಸೆಸ್ ಎಂದು ಯಾರಾದರೂ ಹೆದರಿಸಿದರೆ ಅಂಜಬೇಕಿಲ್ಲ, ಸ್ವಂತ ವಾಸಕ್ಕೆ ಕಟ್ಟುವ ಇಂಥ ಸಣ್ಣ ಖರ್ಚಿನ ಮನೆಗೆ ಅದು ಇಲ್ಲ.

ಇಷ್ಟು ಹೇಳಿದ ಮೇಲೆ ಎದುರು ಮಾತುಗಳಿಗೆ ಬರಬೇಕು. ‘ಇಲ್ಲಿತನಕ ಯಾರನ್ನೂ ಕೇಳಿಲ್ಲ, ಯಾರ ಗೋಡೆಯನ್ನೂ ಕೆಡವಿಲ್ಲ’ ಎಂಬುದು ಮೊದಲನೆಯದು, ಅದು ಬಹುತೇಕ ನಿಜವೂ ಹೌದು. ಪಂಚಾಯಿತಿಗೆ ಕೆಡವುವ ಅಧಿಕಾರ ಇದ್ದರೂ ಓಟು ಕೊಟ್ಟವರ ಖೋಲಿ ಕೆಡವಲು ಯಾವ ಸದಸ್ಯ ಮುಂದೆ ಬರುತ್ತಾನೆ? ಆದರೆ ಅಪಾಯ ಪಂಚಾಯಿತಿಯಿಂದ ಬರುವುದು ಕಡಿಮೆ, ಪಕ್ಕದ ಮನೆಯಿಂದ ಬರುವುದು ಹೆಚ್ಚು. 1882ರ ಅನುಭೋಗ ಹಕ್ಕುಗಳ ಕಾಯ್ದೆ ಮುಂಬಯಿ ಪ್ರಾಂತಕ್ಕೆ 1891ರಲ್ಲೇ ಅನ್ವಯವಾಯಿತು, ಆಗ ಧಾರವಾಡ ಜಿಲ್ಲೆಯಲ್ಲಿದ್ದ ಈ ಸೀಮೆಗೂ. ಅದರಂತೆ 20 ವರ್ಷ ತಡೆಯಿಲ್ಲದೆ ಗಾಳಿ ಬೆಳಕು ಪಡೆದ ಕಿಟಕಿಗೆ ಹಕ್ಕು ಹುಟ್ಟುತ್ತದೆ. ನಿಮ್ಮ ಹೊಸ ಗೋಡೆ ಆ ಕಿಟಕಿಯನ್ನು ಮುಚ್ಚಿದರೆ, ನಿಮ್ಮ ಸ್ಲ್ಯಾಬಿನ ನೀರು ಅವರ ಅಂಗಳಕ್ಕೆ ಬಿದ್ದರೆ, ತಡೆಯಾಜ್ಞೆ ಕೇಳಲು ಅವರಿಗೆ ದಾರಿಯಿದೆ. ಪರವಾನಗಿ ಇಲ್ಲದ ಗೋಡೆಯಾದರೆ ಅವರ ವಕೀಲರ ಕೆಲಸ ಅರ್ಧ ಮುಗಿದಂತೆ. ಪರವಾನಗಿ ಇದ್ದ ಮಾತ್ರಕ್ಕೆ ಪಕ್ಕದವರ ಹಕ್ಕು ಅಳಿಯುವುದಿಲ್ಲ ಎಂಬುದೂ ನಿಜ, ಆದರೆ ನಕ್ಷೆ ಬರೆಯುವಾಗಲೇ ಕಿಟಕಿಯ ಮಾತು ಏಳುತ್ತದೆ, ಕಾಗದದ ಮೇಲೆ ಗೋಡೆ ಸರಿಸುವುದಕ್ಕೆ ಖರ್ಚಿಲ್ಲ.

‘ಮುಂದೊಂದು ದಿನ ಸರಕಾರವೇ ಸಕ್ರಮ ಮಾಡ್ತದ’ ಎಂಬ ಭರವಸೆಗೆ ಪಟ್ಟಣಗಳ ಅಕ್ರಮ-ಸಕ್ರಮದ ಕಥೆಯೇ ಉತ್ತರ. ವರ್ಷಗಟ್ಟಲೆ ಚರ್ಚೆಯಾಗಿ ಜಾರಿಗೆ ಬರುವಷ್ಟರಲ್ಲಿ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ಹಾಗೆ ನಂಬಿ ಕಟ್ಟುವುದು ಮಳೆ ನಂಬಿ ಬಿತ್ತಿದಂತೆಯೂ ಅಲ್ಲ, ಮಳೆಗೆ ಕಾಲವಾದರೂ ಇದೆ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿ: ಕಚೇರಿಗೆ ಅಲೆದಾಡಿಸುತ್ತಾರೆ, ಕೈ ಬಿಸಿ ಮಾಡದೆ ಕಡತ ಏಳುವುದಿಲ್ಲ, ಕೂಲಿ ಬಿಟ್ಟು ನಾಲ್ಕು ದಿನ ತಿರುಗಿದರೆ ಆ ನಾಲ್ಕು ದಿನದ ಗಳಿಕೆಯೇ ಪರವಾನಗಿ ಶುಲ್ಕಕ್ಕಿಂತ ಹೆಚ್ಚು. ಇದನ್ನು ತಳ್ಳಿಹಾಕಲಾರೆ. ನಿಯಮ ಪಾಲಿಸಲು ಹೊರಟವನಿಗೆ ಕಷ್ಟ, ಮುರಿದವನಿಗೆ ಆರಾಮ ಎಂಬಂಥ ವ್ಯವಸ್ಥೆಯಲ್ಲಿ ತಪ್ಪು ಜನರದ್ದು ಮಾತ್ರವಲ್ಲ. ಆದರೂ ಪರವಾನಗಿ ಬಿಟ್ಟವರು ಈ ಕಾಟದಿಂದ ಪಾರಾಗುವುದಿಲ್ಲ, ಅದನ್ನು ಮುಂದೂಡುತ್ತಾರೆ ಅಷ್ಟೇ. ಮನೆ ಅಡವಿಡುವಾಗ, ಮಾರುವಾಗ, ಮಕ್ಕಳಿಗೆ ಹಂಚುವಾಗ ಅದೇ ಕಡತ ಮತ್ತೆ ಅದೇ ಮೇಜಿಗೆ ಬರುತ್ತದೆ. ಆಗ ಅವಸರ ಅವರದ್ದು, ಹಿಡಿತ ಮೇಜಿನ ಆಚೆಯವರದ್ದು. ಇನ್ನು ಪಂಚಾಯಿತಿ ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಚದರ ಮೀಟರಿಗೆ ಶುಲ್ಕವೆಷ್ಟು, ಯಾವ ಯಾವ ಕಾಗದ ಬೇಕು, ಎಷ್ಟು ದಿನದಲ್ಲಿ ಉತ್ತರ ಎಂಬ ಮೂರು ಸಾಲನ್ನು ಬಾಗಿಲ ಪಕ್ಕದ ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆಸಬೇಕು. ಇಂಥ ಮಾಹಿತಿಯನ್ನು ಯಾರೂ ಕೇಳದೆಯೇ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಪ್ರಕರಣ ಹೇಳಿ ಇಪ್ಪತ್ತು ವರ್ಷ ದಾಟಿತು. ಜನತಾ ಪ್ಲಾಟಿನ ಮನೆಗಳ ಅಳತೆ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಅವಕ್ಕೆ ಒಂದು ಖೋಲಿ ಸೇರಿಸುವ ಎರಡು ಮೂರು ಮಾದರಿ ನಕ್ಷೆಗಳನ್ನು ತಾಲೂಕಿನ ಇಂಜಿನಿಯರರಿಂದ ಮಾಡಿಸಿ ಇಟ್ಟರೆ ಬಡವರ ನಕ್ಷೆಯ ಖರ್ಚೂ ಉಳಿಯುತ್ತದೆ. ಗ್ರಾಮಸಭೆಯಲ್ಲಿ ಕೇಳಬೇಕಾದ ಬೇಡಿಕೆ ಇದು.

ಕೊನೆಯದಾಗಿ ಕ್ಯಾಲೆಂಡರಿನ ಮಾತು. ರೋಹಿಣಿ ಮಳೆ ಶುರುವಾಗುವ ಮೊದಲು ಸ್ಲ್ಯಾಬು ಮುಗಿಯಬೇಕು. ಈಗ ಸಿಗುವ ಪಿಪಿಸಿ ಸಿಮೆಂಟಿಗೆ ಕಡಿಮೆಯೆಂದರೂ 10 ದಿನ ನೀರು ಹಿಡಿಯಬೇಕು, ಸೆಂಟ್ರಿಂಗ್ ಬಾಡಿಗೆ ಉಳಿಸಲೆಂದು ಅದನ್ನು ಅವಸರದಿಂದ ಬಿಚ್ಚಬಾರದು. ಹೀಗೆ ಹಿಂದಕ್ಕೆ ಎಣಿಸಿದರೆ ಯುಗಾದಿಯ ಹೊತ್ತಿಗೆ ಪಾಯ ಬಿದ್ದಿರಬೇಕು, ಸಂಕ್ರಾಂತಿಯೊಳಗೆ ಅರ್ಜಿ ಪಂಚಾಯಿತಿಯಲ್ಲಿರಬೇಕು, ವಾರಸಾ ಮತ್ತು ಅಳತೆಯ ಕೆಲಸ ದೀಪಾವಳಿಗೇ ಶುರುವಾಗಿರಬೇಕು. ಅರ್ಜಿ ಕೊಟ್ಟ ದಿನ ಮೊಹರು, ತಾರೀಖು ಇರುವ ಸ್ವೀಕೃತಿಯನ್ನು ಕೇಳಿ ಪಡೆಯಿರಿ. ಆ 60 ದಿನ ಎಣಿಕೆಯಾಗುವುದು ಅದರ ಮೇಲಿನ ತಾರೀಖಿನಿಂದ.